ಟಿವಿ ಕೊಳ್ಳುವ ಮುನ್ನ ಗೋಡೆ ಅಳೆಯಿರಿ: 25 ಸಾವಿರದ ಲೆಕ್ಕಾಚಾರ

ಊರಿನಲ್ಲಿ ಅಮ್ಮನ ಹಳೆಯ ಡಬ್ಬಾ ಟಿವಿ ಕೊನೆಗೂ ಕಣ್ಣು ಮುಚ್ಚಿತು. ಸುದ್ದಿ ಹಬ್ಬಿದ ಒಂದೇ ವಾರದಲ್ಲಿ ಸಲಹೆಗಳ ಮಳೆ. ಭಾವ 55 ಇಂಚಿಗಿಂತ ಚಿಕ್ಕದು ತರಲೇಬೇಡಿ ಎಂದರು. ತಮ್ಮನಿಗೆ ಡಾಲ್ಬಿ ಸೌಂಡ್ ಬೇಕು. ಪಕ್ಕದ ಮನೆಯವರು ತಾವು ತಂದಿದ್ದನ್ನೇ ತನ್ನಿ ಎಂದರು. ಅಮ್ಮ ಹೇಳಿದ್ದು ಒಂದೇ ಮಾತು: "25 ಸಾವಿರ ಇದೆ, ಅಷ್ಟರಲ್ಲಿ ಮುಗಿಸು."

ಆ 25 ಸಾವಿರದ ಹಿಂದೆ ಒಂದು ತಿಂಗಳು ಓಡಾಡಿದ ಮೇಲೆ ನನಗೆ ಉಳಿದ ಸೂತ್ರ ಒಂದೇ. ಆಮೇಲೆ ಬದಲಿಸಲು ಬರುವಂಥದ್ದಕ್ಕೆ ಈಗ ದುಡ್ಡು ಸುರಿಯಬೇಡಿ. ಬದಲಿಸಲು ಬಾರದಂಥದ್ದರಲ್ಲಿ ಜಿಪುಣತನ ಮಾಡಬೇಡಿ. ಪರದೆಯ ಅಳತೆ, ಪ್ಯಾನೆಲ್ (ಚಿತ್ರ ಮೂಡಿಸುವ ಹಲಗೆ), ವೈರು ಸಿಕ್ಕಿಸುವ ಹಿಂಬದಿಯ ಕಿಂಡಿಗಳು, ಊರಿಗೆ ಬರುವ ಮೆಕ್ಯಾನಿಕ್ ಇವು ನಾಲ್ಕೂ ಕೊಂಡ ದಿನವೇ ತೀರ್ಮಾನವಾಗಿಬಿಡುತ್ತವೆ. ಆ್ಯಪ್‌ಗಳ ವೇಗ, ಸದ್ದು, ಸ್ಮಾರ್ಟುತನ ಇವನ್ನೆಲ್ಲ ಎರಡು ವರ್ಷ ಬಿಟ್ಟು ಸಣ್ಣ ಖರ್ಚಿನಲ್ಲಿ ಸರಿಮಾಡಿಕೊಳ್ಳಬಹುದು. ಅಂಗಡಿಯವರು ಮಾತ್ರ ಎರಡನೆಯ ಪಟ್ಟಿಯನ್ನೇ ಹೊಗಳಿ ಮಾರುತ್ತಾರೆ.

ಹೆಜ್ಜೆ 1: ಟೇಪು ಹಿಡಿದು ಕೋಣೆಗೆ ಹೋಗಿ

ಟಿವಿಯ ಇಂಚು ಎಂದರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದ ಲೆಕ್ಕ. ಅದರಿಂದ ಗೋಡೆಯ ಮೇಲೆ ಎಷ್ಟು ಜಾಗ ಬೇಕೆಂದು ಅಂದಾಜಾಗುವುದಿಲ್ಲ. 32 ಇಂಚಿನ ಪರದೆ ಸುಮಾರು 71 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ. 43 ಇಂಚಿನದು 95 ಅಗಲ, 53 ಎತ್ತರ. 55 ಇಂಚಿನದು ಹತ್ತಿರ ಹತ್ತಿರ 122 ಅಗಲ, 68 ಎತ್ತರ. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಈ ಅಳತೆಗೆ ಕತ್ತರಿಸಿ ಗೋಡೆಗೆ ಹಚ್ಚಿ, ಒಂದು ಸಂಜೆ ಹಾಗೇ ಬಿಡಿ. ಮನೆಯವರೆಲ್ಲ ನೋಡಿ ನಕ್ಕರೂ ಚಿಂತೆಯಿಲ್ಲ. ಶೋಕೇಸಿನ ಗೂಡಿನಲ್ಲಿ ಹಳೆಯ ಟಿವಿ ಕೂತಿದ್ದರೆ ಗೂಡಿನ ಒಳ ಅಗಲವನ್ನೂ ಅಳೆಯಿರಿ. ಹೊಸ ಟಿವಿಗಳ ಕಾಲು ಸಾಮಾನ್ಯವಾಗಿ ನಡುವಿನಲ್ಲಿ ಇರುವುದಿಲ್ಲ, ಎರಡು ತುದಿಗೆ ಇರುತ್ತವೆ. ಮೇಜು ಚಿಕ್ಕದಾದರೆ ಕಾಲೇ ಊರುವುದಿಲ್ಲ.

32ರಿಂದ 43ಕ್ಕೆ ಹೋಗುವುದು ಹೇಳಲಿಕ್ಕೆ ಹನ್ನೊಂದು ಇಂಚು, ಆದರೆ ಪರದೆಯ ವಿಸ್ತೀರ್ಣ 1.8 ಪಟ್ಟಾಗುತ್ತದೆ. ಹಾಗಾಗಿ ಕಡಿಮೆ ಬಜೆಟ್‌ನಲ್ಲಿ ಕಣ್ಣಿಗೆ ಅತಿ ಹೆಚ್ಚು ಲಾಭ ಕೊಡುವ ಜಿಗಿತ ಇದೇ.

ಇನ್ನು ಕೂರುವ ದೂರ. ಸಿನಿಮಾ ನೋಡುವ ಹಿತಕ್ಕೆ ಇಂಚನ್ನು 1.6ರಿಂದ ಗುಣಿಸುವ ಲೆಕ್ಕವೊಂದಿದೆ, ಬರುವುದು ದೂರದ ಇಂಚು. ಅದರಂತೆ 43 ಇಂಚಿಗೆ ಸುಮಾರು ಐದೂವರೆಯಿಂದ ಆರು ಅಡಿ, 55ಕ್ಕೆ ಏಳೂಕಾಲು ಅಡಿ. ದಿನಾ ಸಂಜೆ ಧಾರಾವಾಹಿ, ವಾರ್ತೆ ನೋಡುವ ಮನೆಗೆ ಇದಕ್ಕಿಂತ ಎರಡು ಮೂರು ಅಡಿ ಹಿಂದೆ ಕೂತರೂ ತೊಂದರೆಯಿಲ್ಲ. ಅಮ್ಮನ ಕುರ್ಚಿಯಿಂದ ಗೋಡೆಗೆ ಏಳೂವರೆ ಅಡಿ. ಭಾವನ 55 ಇಂಚು ಅಳತೆಯಲ್ಲಿ ಕೂರುತ್ತಿತ್ತು, ದುಡ್ಡಿನಲ್ಲಿ ಕೂರಲಿಲ್ಲ. 43 ಎಂದು ಬರೆದುಕೊಂಡೆ.

ಪೆಟ್ಟಿಗೆಯ ಮೇಲೆ ಅಳತೆ ಸೆಂಟಿಮೀಟರಿನಲ್ಲಿರುತ್ತದೆ. 80 ಎಂದಿದ್ದರೆ 32 ಇಂಚು, 108 ಎಂದಿದ್ದರೆ 43 ಎಂದು ನೆನಪಿಟ್ಟುಕೊಳ್ಳಿ. 40 ಇಂಚಿನದಕ್ಕೆ 43ರ ಬೆಲೆ ಕೇಳುವ ಕಡೆ ಇದು ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 2: ಟಿವಿಗೆ ಉಣಿಸುವುದೇನು?

ಇದನ್ನು ಬಹಳ ಮಂದಿ ಕೇಳಿಕೊಳ್ಳುವುದೇ ಇಲ್ಲ. ಟಿವಿ ಕನ್ನಡಿಯಿದ್ದ ಹಾಗೆ, ಎದುರಿಗೆ ಇದ್ದದ್ದನ್ನೇ ತೋರಿಸೀತು.

ಹಳೆಯ ಕೇಬಲ್ ಅಥವಾ ಡಿಶ್ ಬಾಕ್ಸಿನ ಸಾಧಾರಣ ಎಸ್‌ಡಿ ಚಿತ್ರದಲ್ಲಿ ಇರುವುದು 720 ಅಡ್ಡ, 576 ಉದ್ದ ಚುಕ್ಕಿಗಳು (ಪಿಕ್ಸೆಲ್). 4ಕೆ ಪರದೆಯಲ್ಲಿ 3840 ಅಡ್ಡ, 2160 ಉದ್ದ. ಗುಣಿಸಿ ನೋಡಿ, ಸರಿಯಾಗಿ ಇಪ್ಪತ್ತು ಪಟ್ಟು. ಅಂದರೆ ಎಸ್‌ಡಿ ಚಾನೆಲ್ ಬಂದಾಗ 4ಕೆ ಟಿವಿ ಇಪ್ಪತ್ತು ಚುಕ್ಕಿಗಳಲ್ಲಿ ಹತ್ತೊಂಬತ್ತನ್ನು ಊಹೆಯಿಂದ ತುಂಬಬೇಕು. "ಹೊಸ ಟಿವಿಗಿಂತ ಹಳೆಯದರಲ್ಲೇ ಚೆನ್ನಾಗಿ ಕಾಣ್ತಿತ್ತು" ಎಂದು ಹಿರಿಯರು ಗೊಣಗುವುದು ಸುಮ್ಮನೆ ಅಲ್ಲ. ಚಿಕ್ಕ ಪರದೆಯಲ್ಲಿ ಮುಚ್ಚಿಹೋಗಿದ್ದ ಹುಳುಕು ದೊಡ್ಡ ಪರದೆಯಲ್ಲಿ ಬಯಲಾಗುತ್ತದೆ.

ಆದ್ದರಿಂದ ಟಿವಿಯ ಜೊತೆಗೆ ಬಾಕ್ಸನ್ನೂ ಹೆಚ್ಚು ಚುಕ್ಕಿಗಳ ಎಚ್‌ಡಿಗೆ ಬದಲಿಸಲು ಬಜೆಟ್‌ನಲ್ಲಿ ಜಾಗ ಇಡಿ. ನೋಡುವ ಮೂರು ನಾಲ್ಕು ಕನ್ನಡ ಚಾನೆಲ್‌ಗಳ ಎಚ್‌ಡಿ ಆವೃತ್ತಿ ಪ್ಯಾಕಿನಲ್ಲಿ ಇದೆಯೇ ಎಂದು ಕೇಬಲಿನವರನ್ನು ಕೇಳಿ. ಬಾಕ್ಸನ್ನು ಹಳದಿ-ಕೆಂಪು-ಬಿಳಿ ಮೂರು ಪಿನ್ನಿನ ವೈರಿನಿಂದ ಸಿಕ್ಕಿಸಿದರೆ ಎಚ್‌ಡಿ ದುಡ್ಡು ಕಟ್ಟಿಯೂ ಎಸ್‌ಡಿಯೇ ಕಾಣುತ್ತದೆ. ಎಚ್‌ಡಿಎಂಐ ವೈರನ್ನೇ (ಚಿತ್ರ, ಸದ್ದು ಎರಡನ್ನೂ ಒಯ್ಯುವ ಒಂದೇ ವೈರು) ಹಾಕಬೇಕು. ನಮ್ಮ ಪರಿಚಯದ ಮನೆಯೊಂದರಲ್ಲಿ ಎರಡು ವರ್ಷ ಹೀಗೇ ನಡೆದಿತ್ತು.

ಡಿಡಿ ಫ್ರೀ ಡಿಶ್ ಮಾತ್ರ ಇರುವ, ಇಂಟರ್‌ನೆಟ್ ಇಲ್ಲದ ಮನೆಗೆ 4ಕೆ ಟಿವಿಯ ಮಾತೇ ಬೇಡ. ಒಳ್ಳೆಯ 32 ಇಂಚಿನ ಎಚ್‌ಡಿ ರೆಡಿ (ಫುಲ್ ಎಚ್‌ಡಿಗಿಂತ ಕಡಿಮೆ ಚುಕ್ಕಿಯದು) ಸಾಕು. ಆರು ಅಡಿ ದೂರದಿಂದ ಅದರ ಚುಕ್ಕಿಗಳು ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ.

ಒಟಿಟಿ ನೋಡುವವರು ತಮ್ಮ ಪ್ಲಾನ್ ಯಾವುದೆಂದು ನೋಡಿಕೊಳ್ಳಿ. ನೆಟ್‌ಫ್ಲಿಕ್ಸಿನ ಮೊಬೈಲ್ ಪ್ಲಾನ್ ಟಿವಿಯಲ್ಲಿ ಓಡುವುದೇ ಇಲ್ಲ, 4ಕೆ ಸಿಗುವುದು ಎಲ್ಲಕ್ಕಿಂತ ದುಬಾರಿಯ ಪ್ರೀಮಿಯಂ ಪ್ಲಾನಿನಲ್ಲಿ ಮಾತ್ರ. ಯೂಟ್ಯೂಬಿನಲ್ಲಿ 4ಕೆ ಪುಕ್ಕಟೆ, ಆದರೆ ಅದಕ್ಕೆ ಇಂಟರ್‌ನೆಟ್ ತಡೆಯದೆ ಹರಿಯಬೇಕು.

ಹಾಗಾದರೆ 43 ಇಂಚಿಗೆ 4ಕೆಗಿಂತ ಒಂದು ಮೆಟ್ಟಿಲು ಕೆಳಗಿನ ಫುಲ್ ಎಚ್‌ಡಿ ಸಾಲದೇ? ಕಣ್ಣಿನ ಲೆಕ್ಕದಲ್ಲಿ ಸಾಕು. ಆರು ಅಡಿಗಿಂತ ಹಿಂದೆ ಕೂತರೆ ಆ ಅಳತೆಯಲ್ಲಿ ಎರಡರ ವ್ಯತ್ಯಾಸ ಹಿಡಿಯುವುದು ಕಷ್ಟ. ಆದರೂ ನಾನು 4ಕೆ ಕಡೆಗೇ ವಾಲಿದೆ. ಕಂಪನಿಗಳು ಒಳ್ಳೆಯ ಪ್ರೊಸೆಸರ್, ಮೂರು ಎಚ್‌ಡಿಎಂಐ ಕಿಂಡಿ, 2 ಜಿಬಿ ರ್‍ಯಾಮ್ ಇವನ್ನೆಲ್ಲ ಸಾಮಾನ್ಯವಾಗಿ 4ಕೆ ಮಾದರಿಗಳಿಗೇ ಹಾಕುತ್ತವೆ. ಬೆಲೆಯ ಅಂತರ ಎರಡು ಮೂರು ಸಾವಿರದ ಒಳಗಿದ್ದರೆ ಚುಕ್ಕಿಗಾಗಿ ಅಲ್ಲದಿದ್ದರೂ ಇವಕ್ಕಾಗಿ ಕೊಡಬಹುದು.

ಹೆಜ್ಜೆ 3: ಪೆಟ್ಟಿಗೆಯ ಮೇಲಿನ ಪದಗಳಿಗೆ ಮರುಳಾಗಬೇಡಿ

ಎಲ್‌ಇಡಿ ಟಿವಿ ಎಂಬುದು ಎಲ್‌ಸಿಡಿ ಪರದೆಯೇ. ಹಿಂದಿನಿಂದ ಬೆಳಕು ಕೊಡುವುದು ಎಲ್‌ಇಡಿ ದೀಪಗಳು, ಅಷ್ಟೇ. ಕ್ಯೂಎಲ್‌ಇಡಿ ಎಂದರೆ ಅದೇ ಪರದೆಗೆ ಬಣ್ಣ ಗಾಢವಾಗಿಸುವ ಒಂದು ಪದರ ಸೇರಿಸಿದ್ದು. ಬಣ್ಣ ಸುಧಾರಿಸುತ್ತದೆ, ಆದರೆ ಕಪ್ಪು ಇನ್ನಷ್ಟು ಕಪ್ಪಾಗುವುದಿಲ್ಲ. ಒಎಲ್‌ಇಡಿ ಮಾತ್ರ ನಿಜಕ್ಕೂ ಬೇರೆ ಜಾತಿ. ಅಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ನಮ್ಮ ಬಜೆಟ್ಟಿಗೆ ಅದು ಎಟುಕದ ದ್ರಾಕ್ಷಿ.

ಎಚ್‌ಡಿಆರ್ (ಬೆಳಕು-ಕತ್ತಲಿನ ಅಂತರ ಹೆಚ್ಚಿಸಿ ತೋರಿಸುವ ವಿಧಾನ) ಎಂಬ ಅಕ್ಷರ ಅಗ್ಗದ ಟಿವಿಯ ಮೇಲೂ ಇರುತ್ತದೆ. ಅದರ ಸೊಗಸು ಕಾಣಲು ಪರದೆ ಜೋರಾಗಿ ಬೆಳಗಬೇಕು, ಈ ಬೆಲೆಯ ಬಹುಪಾಲು ಟಿವಿಗಳು 250ರಿಂದ 300 ನಿಟ್ಸ್ (ಪರದೆಯ ಬೆಳಕಿನ ಅಳತೆ) ಆಸುಪಾಸಿನವು. ಟಿವಿಗೆ ಸಂಕೇತ ಅರ್ಥವಾಗುತ್ತದೆ, ತೋರಿಸಲು ಶಕ್ತಿಯಿಲ್ಲ. ಆದರೆ ಈ ನಿಟ್ಸ್ ಸಂಖ್ಯೆಯನ್ನು ಇನ್ನೊಂದು ಕಾರಣಕ್ಕೆ ಗಮನಿಸಿ. ಎದುರಿಗೆ ಕಿಟಕಿಯಿರುವ ಹಾಲ್‌ನಲ್ಲಿ ಹಗಲು ಟಿವಿ ನೋಡುವವರಾದರೆ ಇದ್ದುದರಲ್ಲಿ ಹೆಚ್ಚು ನಿಟ್ಸ್ ಇರುವುದು ಒಳ್ಳೆಯದು.

ಮೋಷನ್ 120, 240 ಎಂದೆಲ್ಲ ಬರೆದಿದ್ದರೆ ಪ್ಯಾನೆಲ್‌ನ ಸ್ವಂತ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ) ಎಷ್ಟೆಂದು ಕೇಳಿ. ಈ ಬೆಲೆಗೆ ಉತ್ತರ ಸಾಮಾನ್ಯವಾಗಿ 60 ಹರ್ಟ್ಸ್. ಕ್ರಿಕೆಟ್ಟಿಗೂ ಧಾರಾವಾಹಿಗೂ ಅದು ಧಾರಾಳ ಸಾಕು. "ಎ ಪ್ಲಸ್ ಗ್ರೇಡ್ ಪ್ಯಾನೆಲ್" ಎಂದರೆ ನಕ್ಕು ಮುಂದೆ ಹೋಗಿ. ಅಂಗಡಿಯಲ್ಲಿ ನಿಂತು ಅದನ್ನು ತಾಳೆ ನೋಡುವ ದಾರಿಯೇ ನಿಮಗಿಲ್ಲ.

ಪೆಟ್ಟಿಗೆಯ ಮೇಲೆ ಬರೆಯದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ: ಪ್ಯಾನೆಲ್ ಐಪಿಎಸ್ ಜಾತಿಯದೋ ವಿಎ ಜಾತಿಯದೋ. ಐಪಿಎಸ್ ಪಕ್ಕದಿಂದ ನೋಡಿದರೂ ಬಣ್ಣ ಬಿಡುವುದಿಲ್ಲ, ಆದರೆ ದೀಪ ಆರಿಸಿದ ಕೋಣೆಯಲ್ಲಿ ಕಪ್ಪು ಬೂದಿಯಂತೆ ಕಾಣುತ್ತದೆ. ವಿಎಯಲ್ಲಿ ಕಪ್ಪು ಚೆನ್ನ, ಪಕ್ಕಕ್ಕೆ ಸರಿದರೆ ಮುಖಗಳು ಬಿಳಿಚಿಕೊಳ್ಳುತ್ತವೆ. ನಮ್ಮ ಮನೆಗಳಲ್ಲಿ ಎಲ್ಲರೂ ಸೋಫಾದ ನಡುವಿನಲ್ಲಿ ಸಾಲಾಗಿ ಕೂರುವುದಿಲ್ಲ. ಅಪ್ಪ ಮೂಲೆಯ ಆರಾಮಕುರ್ಚಿಯಲ್ಲಿ, ಮಕ್ಕಳು ಚಾಪೆಯ ಮೇಲೆ. ಧಾರಾವಾಹಿಯ ನಿಜವಾದ ಪ್ರೇಕ್ಷಕಿ ಕೈಯಲ್ಲಿ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ. ಹಾಗಾಗಿ ಅಂಗಡಿಯಲ್ಲಿ ಟಿವಿಯ ನೇರ ಎದುರಿಗೆ ನಿಲ್ಲಬೇಡಿ. ಮಾತಾಡುವ ಮುಖವೊಂದು ಪರದೆಯ ಮೇಲೆ ಬರುವಂತೆ ಮಾಡಿ, ಪಕ್ಕಕ್ಕೆ ಸರಿದು ನಿಮ್ಮ ಅಡುಗೆಮನೆಯ ಬಾಗಿಲಿನ ಕೋನದಿಂದ ನೋಡಿ. ಆಮೇಲೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ನೋಡಿ. ನಾನು ಕೂತೆ. ಅಂಗಡಿಯ ಹುಡುಗ "ಏನಾದ್ರೂ ಬಿತ್ತಾ ಸರ್?" ಎಂದು ಕೇಳಿದ.

ಒಂದೇ ಮಾದರಿಯ ಸಂಖ್ಯೆಯಲ್ಲಿ ಬೇರೆ ಬೇರೆ ಪ್ಯಾನೆಲ್ ಬರುವುದೂ ಉಂಟು. ಹಾಗಾಗಿ ವಿಮರ್ಶೆಯಲ್ಲಿ ಓದಿದ್ದಕ್ಕಿಂತ ಕಣ್ಣಾರೆ ಕಂಡದ್ದನ್ನು ನಂಬಿ.

ಅಂಗಡಿಯ ಟಿವಿಗಳೆಲ್ಲ ಡೆಮೊ ಮೋಡ್‌ನಲ್ಲಿರುತ್ತವೆ, ಬಣ್ಣ ಎಳೆದು ಹಿಗ್ಗಿಸಿರುತ್ತಾರೆ, ಓಡುವ ವಿಡಿಯೊ ಹೂವು, ಹಕ್ಕಿ, ಹಣ್ಣಿನದು. ಸ್ಟ್ಯಾಂಡರ್ಡ್ ಮೋಡ್‌ಗೆ ಹಾಕಿಸಿ. ಪೆನ್‌ಡ್ರೈವಿನಲ್ಲಿ ನಿಮ್ಮದೇ ಒಂದು ವಿಡಿಯೊ ಒಯ್ಯಿರಿ, ಮದುವೆಯ ವಿಡಿಯೊ ಆದರೆ ಇನ್ನೂ ಒಳ್ಳೆಯದು. ಪರಿಚಿತ ಮುಖಗಳ ಚರ್ಮದ ಬಣ್ಣ ಹೇಗಿರಬೇಕೆಂದು ನಿಮಗೆ ಗೊತ್ತಿರುತ್ತದೆ, ಅಲ್ಲಿ ಟಿವಿ ಮೋಸ ಮಾಡಲಾಗದು.

ಹೆಜ್ಜೆ 4: ಟಿವಿಯ ಬೆನ್ನು ನೋಡಿ

ಎಚ್‌ಡಿಎಂಐ ಕಿಂಡಿ ಕನಿಷ್ಠ ಮೂರು ಇರಲಿ: ಒಂದು ಕೇಬಲ್ ಬಾಕ್ಸಿಗೆ, ಒಂದು ಮುಂದೆ ಬರಬಹುದಾದ ಸೌಂಡ್‌ಬಾರಿಗೆ, ಒಂದು ಆ್ಯಪ್ ಓಡಿಸುವ ಸ್ಟಿಕ್ಕಿಗೆ. ಸೌಂಡ್‌ಬಾರ್‌ಗೆ ಹೋಗುವ ಕಿಂಡಿಯ ಪಕ್ಕ ಎಆರ್‌ಸಿ ಅಥವಾ ಇಎಆರ್‌ಸಿ (ಟಿವಿಯ ಸದ್ದನ್ನು ಹೊರಗಿನ ಸ್ಪೀಕರಿಗೆ ಕಳಿಸುವ ದಾರಿ) ಎಂದು ಬರೆದಿರಬೇಕು. ತೆಳ್ಳಗಿನ ಟಿವಿಯ ಸ್ಪೀಕರ್ ಕೆಳಮುಖವಾಗಿ ಕೂಗುತ್ತದೆ. ಎಷ್ಟು ವ್ಯಾಟ್ ಬರೆದಿದ್ದರೂ ಮಿಕ್ಸಿ ಸದ್ದಿನ ನಡುವೆ ಸಂಭಾಷಣೆ ಕೇಳುವುದು ಕಷ್ಟ. ಒಳ್ಳೆಯ ಸದ್ದಿಗೆ ಈಗಲೇ ದುಡ್ಡು ಕೊಡಬೇಡಿ, ಕಿಂಡಿ ಮಾತ್ರ ಖಾತ್ರಿ ಮಾಡಿಕೊಳ್ಳಿ.

ಸ್ಮಾರ್ಟ್ ಭಾಗಕ್ಕೂ ಇದೇ ಮಾತು. ಗೂಗಲ್ ಟಿವಿ, ಎಲ್‌ಜಿಯ ವೆಬ್‌ಓಎಸ್, ಸ್ಯಾಮ್‌ಸಂಗ್‌ನ ಟೈಜೆನ್, ಅಮೆಜಾನಿನ ಫೈರ್ ಟಿವಿ ಯಾವುದಾದರೂ ನಡೆದೀತು. ತಕರಾರು ಬರುವುದು ಬರಿದೇ "ಆ್ಯಂಡ್ರಾಯ್ಡ್" ಎಂದು ಹೇಳಿಕೊಂಡು ಗೂಗಲ್‌ನ ಪ್ರಮಾಣೀಕರಣ ಇಲ್ಲದೆ ಬರುವ ಅತಿ ಅಗ್ಗದ ಟಿವಿಗಳಲ್ಲಿ. ಅವುಗಳಲ್ಲಿ ಕೆಲವು ಒಟಿಟಿ ಆ್ಯಪ್‌ಗಳು ಎಚ್‌ಡಿಯಲ್ಲಿ ಓಡುವುದಿಲ್ಲ, ಕೆಲವು ಓಡುವುದೇ ಇಲ್ಲ. ನಿಮ್ಮ ಆ್ಯಪ್ ಅಂಗಡಿಯಲ್ಲೇ ತೆರೆದು ತೋರಿಸಲು ಹೇಳಿ. ಎರಡು ಮೂರು ವರ್ಷಕ್ಕೆ ಎಲ್ಲ ಅಗ್ಗದ ಟಿವಿಗಳೂ ಆಮೆಯಾಗುತ್ತವೆ. ಆಗ ಒಂದು ಸ್ಟಿಕ್ ತಂದು ಸಿಕ್ಕಿಸಿದರೆ ಮತ್ತೆ ಓಡುತ್ತವೆ.

ಬೆನ್ನಿನ ಲೇಬಲ್ಲಿನಲ್ಲಿ ವೋಲ್ಟೇಜ್ ಓದಿ. 100ರಿಂದ 240 ಎಂದಿದ್ದರೆ ಸ್ಟೆಬಿಲೈಸರ್ ಬೇಕಿಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಅಲ್ಲಿರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ನೋಂದಣಿ ನಿಜವೋ ಸುಳ್ಳೋ ತಿಳಿಯುತ್ತದೆ. ಹೆಸರೇ ಕೇಳದ ಬ್ರ್ಯಾಂಡನ್ನು ಅರ್ಧ ಬೆಲೆಗೆ ಕೊಡುತ್ತೇನೆಂದರೆ ಮೊದಲು ಮಾಡಬೇಕಾದ್ದು ಇದು.

ಕರೆಂಟಿನ ಖರ್ಚಿಗೆ ಹೆದರಬೇಡಿ. 100 ವ್ಯಾಟಿನ ಟಿವಿಯನ್ನು ದಿನಕ್ಕೆ ನಾಲ್ಕು ಗಂಟೆ ಹಚ್ಚಿದರೆ ತಿಂಗಳಿಗೆ 12 ಯೂನಿಟ್.

ಹೆಜ್ಜೆ 5: ಕೆಟ್ಟರೆ ಯಾರು ಬರುತ್ತಾರೆ?

ಪ್ಯಾನೆಲ್ ಹೋದರೆ ಅದನ್ನು ಬದಲಿಸುವ ಖರ್ಚು ಹೊಸ ಟಿವಿಯ ಬೆಲೆಯ ಹತ್ತಿರಕ್ಕೇ ಹೋಗುತ್ತದೆ. ಆದ್ದರಿಂದ ವಾರಂಟಿ ಎಷ್ಟು ವರ್ಷ ಎಂದಷ್ಟೇ ಕೇಳಬೇಡಿ, ಪ್ಯಾನೆಲ್ಲಿಗೆ ಎಷ್ಟು ಎಂದು ಬೇರೆಯಾಗಿ ಕೇಳಿ. ಆಮೇಲೆ ಕಂಪನಿಯ ಸಹಾಯವಾಣಿಗೆ ನೀವೇ ಫೋನ್ ಮಾಡಿ, ಊರಿನ ಪಿನ್‌ಕೋಡ್ ಹೇಳಿ, ಮನೆಗೇ ಬರುತ್ತಾರೋ ಅಥವಾ ನಾವೇ ಹೊತ್ತು ತರಬೇಕೋ ಎಂದು ವಿಚಾರಿಸಿ. ಬೆಂಗಳೂರಿನಲ್ಲಿ ಇದು ಅನಗತ್ಯ ಎನಿಸಬಹುದು. ಹೊಸನಗರ, ಸಿದ್ದಾಪುರದಂಥ ಕಡೆ ಈ ಒಂದು ಫೋನ್ ಕರೆ ಮೂರು ಬ್ರ್ಯಾಂಡುಗಳನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ನಮ್ಮ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಟಿವಿ ಹೀಗೇ ಬಿದ್ದುಹೋಯಿತು: "ಶಿವಮೊಗ್ಗಕ್ಕೆ ತನ್ನಿ" ಎಂದರು.

ಸಿಡಿಲಿನಿಂದ ಸುಟ್ಟಿದ್ದಕ್ಕೆ ಸಾಮಾನ್ಯವಾಗಿ ವಾರಂಟಿ ಇರುವುದಿಲ್ಲ. ಮಲೆನಾಡಿನಲ್ಲಿ ಬೇಸಿಗೆಯ ಕೊನೆಯ ಗುಡುಗುಮಳೆಗೆ ಟಿವಿಗಳು ಸಾಯುವುದು ಕರೆಂಟಿನ ಪ್ಲಗ್ಗಿನಿಂದ ಮಾತ್ರವಲ್ಲ, ಚಾವಣಿಯ ಡಿಶ್‌ನಿಂದ ಇಳಿದು ಬರುವ ವೈರಿನಿಂದಲೂ. ಪ್ಲಗ್ ಕಿತ್ತು ಡಿಶ್ ವೈರನ್ನು ಹಾಗೇ ಬಿಟ್ಟರೆ ಅರ್ಧ ಬಾಗಿಲು ಹಾಕಿದಂತೆ. ಸ್ಪೈಕ್ ಗಾರ್ಡ್ ಸಣ್ಣ ಏರಿಳಿತಕ್ಕೆ ಒಳ್ಳೆಯದು, ಸಿಡಿಲಿಗೆ ಅದರ ಆಟ ನಡೆಯದು. ಮೋಡ ಕಟ್ಟಿತೆಂದರೆ ಎರಡನ್ನೂ ಕೈಯಿಂದ ಕೀಳಿ.

ಹೆಜ್ಜೆ 6: ಬೆಲೆ, ಬಿಲ್ಲು, ಬಂಡಿ

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ. 32 ಮತ್ತು ಅದಕ್ಕಿಂತ ಚಿಕ್ಕವಕ್ಕೆ ಮೊದಲೇ 18 ಇತ್ತು. ಉದಾಹರಣೆಗೆ, ತೆರಿಗೆಗೆ ಮುಂಚಿನ ಬೆಲೆ 20,000 ಇದ್ದ ಟಿವಿಗೆ ಮೊದಲು 25,600 ಆಗುತ್ತಿತ್ತು, ಈಗ 23,600. 43 ಇಂಚು ನಮ್ಮ ಬಜೆಟ್ಟಿನೊಳಕ್ಕೆ ನುಸುಳಿದ್ದು ಈ ಇಳಿಕೆಯಿಂದಲೇ.

25 ಸಾವಿರದಲ್ಲಿ ಎಲ್ಲವನ್ನೂ ಟಿವಿಗೇ ಸುರಿಯಬೇಡಿ. 22 ಸಾವಿರದ ಒಳಗೆ ಟಿವಿ ಮುಗಿಸಿ, ಉಳಿದ ಮೂರು ಸಾವಿರವನ್ನು ಗೋಡೆಯ ಬ್ರ್ಯಾಕೆಟ್, ಎಚ್‌ಡಿ ಬಾಕ್ಸ್, ಸ್ಪೈಕ್ ಗಾರ್ಡ್‌ಗೆ ಇಡಿ. ಬ್ರ್ಯಾಕೆಟ್ ಪೆಟ್ಟಿಗೆಯೊಳಗೇ ಬರುತ್ತದೋ ಇಲ್ಲವೋ, ಕೂರಿಸುವವರು ಎಷ್ಟು ಕೇಳುತ್ತಾರೆ ಎಂದು ಮೊದಲೇ ವಿಚಾರಿಸಿ. ಹಳೆಯ ಮಣ್ಣಿನ ಗೋಡೆಯಾದರೆ ಬ್ರ್ಯಾಕೆಟ್ಟಿನ ಆಸೆ ಬಿಟ್ಟು ಮೇಜಿನ ಮೇಲೇ ಇಡಿ.

ಅಂಗಡಿಯೋ ಆನ್‌ಲೈನೋ? ಊರಿನ ಅಂಗಡಿಗೆ ನನ್ನ ಓಟು, ಒಂದು ಷರತ್ತಿನ ಮೇಲೆ. ಅದೇ ಮಾದರಿಯ ಆನ್‌ಲೈನ್ ಬೆಲೆಯನ್ನು ಫೋನಿನಲ್ಲಿ ತೋರಿಸಿ ಕೇಳಿ. ಪೂರ್ತಿ ಸರಿದೂಗಿಸದಿದ್ದರೂ ಬ್ರ್ಯಾಕೆಟ್ಟನ್ನೋ ಸಾಗಾಟವನ್ನೋ ಬಿಟ್ಟುಕೊಡುತ್ತಾರೆ. ಐನೂರು, ಸಾವಿರ ಹೆಚ್ಚಾದರೂ ಕೆಟ್ಟಾಗ ಹೋಗಿ ಕೂರಲು ಒಂದು ಬಾಗಿಲು ಇರುತ್ತದೆ. ಅಂತರ ಮೂರು ಸಾವಿರ ದಾಟಿದರೆ ಆನ್‌ಲೈನ್ ನೋಡಿ. ಆಗ ಡೆಲಿವರಿಯವರ ಎದುರಿಗೇ ಪೆಟ್ಟಿಗೆ ಬಿಚ್ಚುವ ಸೌಲಭ್ಯ ಆರಿಸಿಕೊಳ್ಳಿ, ಬಿಚ್ಚುವುದನ್ನು ಮೊದಲಿಂದ ಕೊನೆಯವರೆಗೆ ಫೋನಿನಲ್ಲಿ ಚಿತ್ರಿಸಿ. ನೋ ಕಾಸ್ಟ್ ಇಎಂಐ ಎಂದರೆ ಪ್ರೊಸೆಸಿಂಗ್ ಶುಲ್ಕ ಎಷ್ಟು, ಕಂತು ಬೇಡವೆಂದು ಪೂರ್ತಿ ಕೊಟ್ಟರೆ ಬೆಲೆ ಎಷ್ಟು ಇಳಿಯುತ್ತದೆ ಎಂಬ ಎರಡು ಪ್ರಶ್ನೆ ಕೇಳಿ.

ಬಿಲ್ಲಿನಲ್ಲಿ ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ, ಜಿಎಸ್‌ಟಿ ಇರಲೇಬೇಕು. "ಬಿಲ್ ಇಲ್ಲದಿದ್ರೆ ಇನ್ನೂ ಕಮ್ಮಿ" ಎಂಬ ಮಾತಿಗೆ ಒಪ್ಪಿದರೆ ವಾರಂಟಿಯನ್ನೂ ಅಲ್ಲೇ ಬಿಟ್ಟು ಬಂದಂತೆ. ಮುಂದೆ ಜಗಳವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗಲೂ ಆ ಚೀಟಿಯೇ ಆಧಾರ.

ತರುವಾಗ ಟಿವಿಯನ್ನು ನೆಟ್ಟಗೆ ನಿಲ್ಲಿಸಿಯೇ ತನ್ನಿ, ಮಲಗಿಸಬೇಡಿ. ನಮ್ಮ ಚಿಕ್ಕಪ್ಪ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಮೇಲೆ ಅಕ್ಕಿಯ ಸಣ್ಣ ಚೀಲ ಬೇರೆ ಇಟ್ಟು ಘಾಟಿ ಇಳಿದರು. ಮನೆಗೆ ಬಂದು ಹಚ್ಚಿದರೆ ಪರದೆಯ ಬಲಕ್ಕೆ ಮೇಲಿಂದ ಕೆಳಕ್ಕೆ ಒಂದು ಹಸಿರು ಗೆರೆ. ಒಡೆತಕ್ಕೆ ವಾರಂಟಿ ಇಲ್ಲ. ಆ ಗೆರೆಯನ್ನು ನೋಡಿಕೊಂಡೇ ಅವರು ಮೂರು ವಿಶ್ವಕಪ್ ಮುಗಿಸಿದರು.

ಹೆಜ್ಜೆ 7: ಮೊದಲ ವಾರ

ಬದಲಿಸಿಕೊಡುವ ಗಡುವು ಬಹಳ ಕಡೆ ಏಳೆಂಟು ದಿನ ಮಾತ್ರ. ಅಷ್ಟರಲ್ಲಿ ಟಿವಿಯನ್ನು ಗೋಳು ಹೊಯ್ದುಕೊಳ್ಳಿ. ಯೂಟ್ಯೂಬಿನಲ್ಲಿ ಪೂರ್ತಿ ಬಿಳಿ, ಕೆಂಪು, ಹಸಿರು, ನೀಲಿ ಪರದೆ ತೋರಿಸುವ ವಿಡಿಯೊಗಳಿವೆ, ಸತ್ತ ಚುಕ್ಕಿ ಇದ್ದರೆ ಕಾಣುತ್ತದೆ. ಬೂದು ಬಣ್ಣ ಹಾಕಿದರೆ ಕಲೆಗಳು ಕಾಣುತ್ತವೆ. ರಾತ್ರಿ ದೀಪ ಆರಿಸಿ ಕಪ್ಪು ಪರದೆ ಹಾಕಿ. ಮೂಲೆಗಳಲ್ಲಿ ಬೆಳಕು ಸ್ವಲ್ಪ ಸೋರುವುದು ಈ ಬೆಲೆಯಲ್ಲಿ ಸಹಜ, ಟಾರ್ಚ್ ಬಿಟ್ಟಂತಿದ್ದರೆ ಬದಲಿಸಿ. ಪ್ರತಿ ಎಚ್‌ಡಿಎಂಐ ಕಿಂಡಿಗೂ ಬಾಕ್ಸ್ ಸಿಕ್ಕಿಸಿ ನೋಡಿ. ಒಂದು ದಿನ ನಾಲ್ಕೈದು ಗಂಟೆ ಬಿಡದೆ ಓಡಿಸಿ.

ಸೆಟಿಂಗ್‌ನಲ್ಲಿ ಮೂರೇ ಕೆಲಸ. ವಿವಿಡ್ ತೆಗೆದು ಸ್ಟ್ಯಾಂಡರ್ಡ್ ಅಥವಾ ಸಿನಿಮಾ ಮೋಡ್ ಹಾಕಿ. ಶಾರ್ಪ್‌ನೆಸ್ ಇಳಿಸಿ, ಎಸ್‌ಡಿ ಚಾನೆಲ್ಲಿನಲ್ಲಿ ಮುಖದ ಸುತ್ತ ಕಾಣುವ ಬಿಳಿ ಅಂಚು ಮಾಯವಾಗುತ್ತದೆ. ಚಲನೆಯನ್ನು ನಯ ಮಾಡುವ ಮೋಷನ್ ಸ್ಮೂದಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಸಿನಿಮಾವೂ ಧಾರಾವಾಹಿಯಂತೆ ಕಾಣುತ್ತದೆ.

ಮಳೆಗಾಲದಲ್ಲಿ ಮನೆ ಬೀಗ ಹಾಕಿ ಹೋಗುವವರು ಯಾರಿಗಾದರೂ ಹೇಳಿ ಆಗಾಗ ಒಂದಿಷ್ಟು ಹೊತ್ತು ಟಿವಿ ಹಚ್ಚಿಸಿ, ಒಳಗಿನ ತೇವ ಆರಲಿ. ನೀರು ಜಿನುಗುವ ಗೋಡೆಗೆ ತೂಗುಹಾಕಲೇಬೇಡಿ. ಬೆನ್ನಿನ ಗಾಳಿಕಿಂಡಿಯಿಂದ ಹಲ್ಲಿ ಹೊಕ್ಕು ಬೋರ್ಡ್ ಸುಡುವುದು ಮೆಕ್ಯಾನಿಕ್ಕುಗಳಿಗೆ ಹೊಸ ಕಥೆಯಲ್ಲ, ಆದರೂ ಆ ಕಿಂಡಿಗಳನ್ನು ಮುಚ್ಚುವಂತಿಲ್ಲ, ಬಿಸಿ ಹೊರಹೋಗುವ ದಾರಿ ಅದೇ. ಹಳೆಯ ಡಬ್ಬಾ ಟಿವಿಯನ್ನು ಎಕ್ಸ್‌ಚೇಂಜಿಗೋ ಇ-ತ್ಯಾಜ್ಯ ಸಂಗ್ರಹಿಸುವವರಿಗೋ ಕೊಡಿ. ಅದರ ಗಾಜಿನಲ್ಲಿ ಸೀಸ ಇರುತ್ತದೆ, ಹಿತ್ತಿಲಲ್ಲಿ ಒಡೆದು ಹೂಳಬೇಡಿ.

ಅಮ್ಮ ಮಾತ್ರ ಹೊಸ ಟಿವಿಗೂ ತನ್ನ ಕಸೂತಿಯ ಹೊದಿಕೆ ಬೇಕೇ ಬೇಕೆಂದಳು. ಕೊನೆಗೆ ರಾಜಿಯಾಯಿತು. ಟಿವಿ ಆರಿಸಿ, ಪ್ಲಗ್ ಕಿತ್ತು, ಬೆನ್ನು ತಣ್ಣಗಾದ ಮೇಲೆ ಹೊದಿಸುತ್ತಾಳೆ. ಬೆನ್ನು ಮುಟ್ಟಿ ನೋಡುವುದು ದಿನಾ ತಪ್ಪುವುದಿಲ್ಲ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.